ಸಹಾಯ ಬೇಕು: ನೈಟ್ ಶಿಫ್ಟ್‌ನವರು ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್) ಟೆಸ್ಟ್‌ಗೆ ಯಾವಾಗ ರಕ್ತ ಕೊಡಬೇಕು?
ಜಿಮ್‌ಗೆ ಬರೋ ಹುಡುಗ, ವಯಸ್ಸು 29, ಕಾಯಂ ರಾತ್ರಿ ಪಾಳಿ. ಮಸಲ್ ಬರ್ತಿಲ್ಲ, ಸದಾ ಸುಸ್ತು. ಪಾಳಿ ಮುಗಿಸಿ ಬೆಳಗ್ಗೆ 8ಕ್ಕೆ, ನಿದ್ದೆ ಇಲ್ಲದೆ, ಖಾಲಿ ಹೊಟ್ಟೇಲಿ ರಕ್ತ ಕೊಟ್ಟಿದ್ದಾನೆ. ಟೋಟಲ್ ಟೆಸ್ಟೋಸ್ಟೆರಾನ್ 270 ನ್ಯಾನೋಗ್ರಾಂ/ಡೆಸಿಲೀಟರ್, ಅಂದ್ರೆ ಕಡಿಮೆ ಕಡೆಗೇ ಇದೆ.

ಊಟದಲ್ಲಿ ಕೊರತೆ ಕಾಣ್ತಿಲ್ಲ: ಕೆಜಿ ತೂಕಕ್ಕೆ 1.6 ಗ್ರಾಂ ಪ್ರೋಟೀನ್, ಮೊಟ್ಟೆ ಹಳದಿ ಸಮೇತ, ಶೇಂಗಾ. ವಾರಕ್ಕೆ ಮೂರು ದಿನ ಸ್ಕ್ವಾಟ್, ಡೆಡ್‌ಲಿಫ್ಟ್. ವಿಟಮಿನ್ ಡಿ ಕಡಿಮೆ ಇತ್ತು, ಸರಿಯಾಗಿದೆ. ಬೂಸ್ಟರ್ ಪುಡಿ, ಇಂಜೆಕ್ಷನ್ ಸಲಹೆ ದಯವಿಟ್ಟು ಬೇಡ. ಹೊರಗಿಂದ ಹಾರ್ಮೋನ್ ಕೊಟ್ರೆ ವೀರ್ಯಾಣು ಉತ್ಪತ್ತಿ ಕುಸಿಯುತ್ತೆ, ಇವನಿಗೆ ಮದುವೆ ಗೊತ್ತಾಗಿದೆ.

ಗೊಂದಲ ಇಷ್ಟೇ. ಈ ಹಾರ್ಮೋನ್ ಏರೋದು ನಿದ್ದೆಯಲ್ಲಿ. ಇವನು ಮಲಗೋದು ಬೆಳಗ್ಗೆ 10ರಿಂದ ಮಧ್ಯಾಹ್ನ 3. ಲ್ಯಾಬ್‌ನವರು ಮಾತ್ರ ‘ಬೆಳಗ್ಗೆನೇ ಬನ್ನಿ’ ಅಂತಾರೆ. ಎರಡನೇ ಟೆಸ್ಟ್ ಎದ್ದ ಮೇಲೆ ಎಷ್ಟು ಗಂಟೆಯೊಳಗೆ ಮಾಡಿಸಬೇಕು? ಜೊತೆಗೆ ಎಲ್‌ಎಚ್ (ವೃಷಣಕ್ಕೆ ಟೆಸ್ಟೋಸ್ಟೆರಾನ್ ತಯಾರಿಸು ಅಂತ ಸೂಚನೆ ಕೊಡೋ ಹಾರ್ಮೋನ್), ಎಸ್‌ಎಚ್‌ಬಿಜಿ (ರಕ್ತದಲ್ಲಿ ಟೆಸ್ಟೋಸ್ಟೆರಾನ್ ಅನ್ನು ಹಿಡಿದಿಡೋ ಪ್ರೋಟೀನ್) ಟೆಸ್ಟ್‌ಗಳೂ ಈಗಲೇ ಬೇಕಾ? ಎಂಡೋಕ್ರೈನಾಲಜಿ (ಹಾರ್ಮೋನ್ ವೈದ್ಯಶಾಸ್ತ್ರ) ತಿಳಿದವರು ಹೇಳಿ.