ಆಪರೇಷನ್ ಆಯಿತು, ಈಗ ವಿಕಿರಣ ಬೇಕೇ?

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್; ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು (ಭಾಗವನ್ನು) ತೆಗೆದಿದ್ದಾರೆ. ವರದಿಯಲ್ಲಿ ‘ಎನ್2, ಅಂಚು ಶುದ್ಧ’ ಎಂದಿದೆ. ಕೀಮೋ ಮುಗಿಯಿತು. ಒಬ್ಬ ವೈದ್ಯರು ವಿಕಿರಣ ಕೊಡೋಣ ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ. ಅಪ್ಪ ಮಾತ್ರ ಮೆಟ್ಟಿಲು ಎಣಿಸುತ್ತಿದ್ದಾರೆ; ನಿನ್ನೆ 11 ಹತ್ತಿದರು.

ಉತ್ತರ 1: ಇಬ್ಬರೂ ತಪ್ಪಲ್ಲ. ಎನ್2 ಎಂದರೆ ಎದೆಯ ನಡುವಿನ ದುಗ್ಧಗ್ರಂಥಿಗಳಿಗೆ ಹರಡಿದೆ ಎಂದರ್ಥ; ‘ಅಂಚು ಶುದ್ಧ’ ಎಂದರೆ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಂಡಿಲ್ಲ ಎಂದು. 501 ರೋಗಿಗಳ ‘ಲಂಗ್ ಆರ್ಟ್’ ಅಧ್ಯಯನದಲ್ಲಿ ವಿಕಿರಣದಿಂದ ಅಲ್ಲಿ ಮರುಕಳಿಸುವುದು ತಗ್ಗಿತು, ಆದರೆ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಹೃದಯ, ಶ್ವಾಸಕೋಶದ ತೊಂದರೆ ಹೆಚ್ಚಿತು. ಹಾಗಾಗಿ ಈಗ ಎಲ್ಲರಿಗೂ ಕೊಡುವುದಿಲ್ಲ.

ಉತ್ತರ 2: ನನಗೆ ಅಂಚಿನಲ್ಲೇ ಕ್ಯಾನ್ಸರ್ ಉಳಿದಿತ್ತು, ವಿಕಿರಣ ತೆಗೆದುಕೊಂಡೆ. ನಾಲ್ಕನೆಯ ವಾರ ನೀರು ನುಂಗಿದರೂ ಗಾಜಿನ ಚೂರು ಇಳಿದಂತಾಗುತ್ತಿತ್ತು.

ಪ್ರಶ್ನಿಸಿದವರು: ಅಪ್ಪನಿಗೆ ಓದಿ ಹೇಳಿದೆ. “ಎಷ್ಟು ಗ್ರಂಥಿಗಳಲ್ಲಿ ಇತ್ತು, ಅದನ್ನು ಕೇಳು” ಎಂದರು.