ಅಮ್ಮ ಹೆಣೆದ ಸ್ವೆಟರ್, ಚಿಕ್ಕಂದಿನ ಆಟಿಕೆ: ನೀವೆಲ್ಲ ಹೇಗೆ ಇಟ್ಟುಕೊಂಡಿದ್ದೀರಿ?

ಕೇಳಿದ್ದು (ದಾವಣಗೆರೆ, ವಿದ್ಯಾನಗರ)

ಎಲ್ಲರಿಗೂ ನಮಸ್ಕಾರ. ಅಮ್ಮನ ಟ್ರಂಕಿನಲ್ಲಿ ಅವರು ಕೈಯಲ್ಲೇ ಹೆಣೆದ ಸ್ವೆಟರ್‌ಗಳು ಸಿಕ್ಕಿವೆ. ಡಿಸೈನ್ ಏನಿಲ್ಲ, ಬರೀ ಸೀದಾ-ಉಲ್ಟಾ ಹೆಣಿಗೆ. ಆದರೂ ಹಾಕಿಕೊಂಡರೆ ಬಿಚ್ಚೋಕೆ ಮನಸ್ಸಾಗಲ್ಲ. ಅದೇ ಟ್ರಂಕಿನಲ್ಲಿ ನಮ್ಮ ಆಟಿಕೆಗಳೂ ಇದ್ದವು. ಚನ್ನಪಟ್ಟಣದ ಬುಗುರಿ, ತಗಡಿನ ದೋಣಿ, ಕೀಲಿ ಕೊಟ್ಟರೆ ಕಾಳು ಹೆಕ್ಕುವ ಕೋಳಿ, ಒಂದೆರಡು ಪ್ಲಾಸ್ಟಿಕ್ ಗೊಂಬೆ. ಈಗ ಇನ್ನಷ್ಟು ಸೇರಿಸಬೇಕು ಅನ್ನಿಸುತ್ತಿದೆ. ಸ್ವೆಟರ್ ಒಗೆಯೋದು ಹೇಗೆ, ಆಟಿಕೆ ಇಡೋದು ಹೇಗೆ, ನಾನೂ ಹೆಣಿಗೆ ಕಲಿಯಬಹುದಾ? ಮನೆಯಲ್ಲಿ "ನಮ್ಮೂರ ಚಳಿಗೆ ಸ್ವೆಟರ್ ಯಾಕೆ" ಅಂತಾರೆ.

ಚಿತ್ರದುರ್ಗದಿಂದ

ತಂಗಿ, ಚಳಿ ಇಲ್ಲ ಅನ್ನೋರನ್ನು ಜನವರಿಯಲ್ಲಿ ಒಂದು ಬೆಳಗ್ಗೆ ನಮ್ಮೂರ ಜೋಗಿಮಟ್ಟಿ ಬೆಟ್ಟಕ್ಕೆ ಕರೆದುಕೊಂಡು ಬಾ. ಆ ಗಾಳಿಗೆ ನಿಂತ ಮೇಲೆ ಅವರೇ ಸ್ವೆಟರ್ ಕೇಳ್ತಾರೆ.

ಒಗೆಯೋ ಮುಂಚೆ ದಾರ ಯಾವುದು ಅಂತ ನೋಡಿಕೋ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡೋದರಲ್ಲಿ ಜಾಸ್ತಿ ಅಕ್ರಿಲಿಕ್ ದಾರವೇ. ಒಳಗಡೆ ಹೊಲಿಗೆ ಹತ್ತಿರ ಉಳಿದಿರುವ ದಾರದ ತುದಿಯನ್ನು ಚೂರು ಕತ್ತರಿಸಿ, ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸು. ನಿಜವಾದ ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತೆ. ಆರಿದ ಮೇಲೆ ಮುಟ್ಟು, ಬಿಸಿ ಇದ್ದಾಗ ಕೈಗೆ ಅಂಟಿಕೊಳ್ಳುತ್ತೆ.

ಉಣ್ಣೆಗೆ ತಣ್ಣೀರೇ ಆಗಬೇಕು. ಉಣ್ಣೆಯ ಎಳೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ದಪ್ಪಗಾಗುತ್ತೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ನಾನು ಅಂಟುವಾಳಕಾಯಿ ನೆನೆಹಾಕಿ, ಆ ನೊರೆಯಲ್ಲಿ ಸುಮ್ನೆ ಅದ್ದಿ ಅದ್ದಿ ತೆಗೀತೀನಿ. ಹಿಂಡೋದಿಲ್ಲ. ದಪ್ಪ ಟವೆಲ್ ಮೇಲೆ ಹರಡಿ, ಸುತ್ತಿ ಒತ್ತಿದರೆ ನೀರೆಲ್ಲ ಟವೆಲ್‌ಗೆ ಹೋಗುತ್ತೆ. ಆಮೇಲೆ ನೆರಳಲ್ಲಿ ಚಾಪೆ ಮೇಲೆ ಹಾಸಿ ಒಣಗಿಸು. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತೆ! ಒಣಗಿದ ಮೇಲೂ ಹ್ಯಾಂಗರ್ ಬೇಡ, ಮಡಚಿಯೇ ಇಡು.

ಕಲಿಯೋದಕ್ಕೆ ಖಂಡಿತ ಆಗುತ್ತೆ. 8ನೇ ನಂಬರ್ ಕಡ್ಡಿ ತಗೋ, ಅದು 4 ಮಿ.ಮೀ. ದಪ್ಪ. ನಂಬರ್ ಜಾಸ್ತಿ ಆದ ಹಾಗೆ ಕಡ್ಡಿ ಸಣ್ಣ ಆಗುತ್ತೆ. ಅದಕ್ಕೇ ಸೊಂಟದ ಬಾರ್ಡರ್‌ಗೆ 10ನೇ ನಂಬರ್ ಹಿಡೀತೀವಿ, ಹೆಣಿಗೆ ಬಿಗಿಯಾಗಿ ಬರುತ್ತೆ. ಮೊದಲು ಎಲ್ಲ ಸಾಲೂ ಸೀದಾ ಹಾಕಿ ಒಂದು ಮಫ್ಲರ್ ಮುಗಿಸು. ತಿಳಿ ಬಣ್ಣದ ದಾರ ತಗೊಂಡರೆ ಮನೆಗಳು, ಅಂದರೆ ಕಡ್ಡಿ ಮೇಲಿನ ಕುಣಿಕೆಗಳು, ಕಣ್ಣಿಗೆ ಕಾಣುತ್ತವೆ. ಕಪ್ಪು ದಾರದಲ್ಲಿ ಕಲಿಯೋಕೆ ಹೋಗಬೇಡ, ಬಿಟ್ಟ ಮನೆ ಹುಡುಕೋದೇ ಕೆಲಸ ಆಗುತ್ತೆ.

ಅಮ್ಮನ ಸೀದಾ-ಉಲ್ಟಾ ಸಾದಾ ಅಂತ ಅಂದುಕೋಬೇಡ. ಹೂವು ಬಳ್ಳಿ ಹಾಕಿದರೆ ಸಣ್ಣ ಏರುಪೇರು ಮುಚ್ಚಿಹೋಗುತ್ತೆ. ಸಾದಾ ಹೆಣಿಗೆಯಲ್ಲಿ ಕೈ ಒಂದು ಸಾಲು ಸಡಿಲ ಆದರೂ ಕಾಣುತ್ತೆ. ಕೊನೆವರೆಗೂ ಒಂದೇ ಹದ ಬಂದಿದೆ ಅಂದರೆ ಅವರ ಕೈ ಎಷ್ಟು ಪಳಗಿತ್ತು ನೋಡು.

ದಾವಣಗೆರೆ, ಚೌಕಿಪೇಟೆ ಹತ್ತಿರದಿಂದ

ಆಟಿಕೆ ಬಗ್ಗೆ ನಾನು ಹೇಳ್ತೀನಿ ಮೇಡಂ. ಮೊದಲ ಕೆಲಸ, ಸ್ವೆಟರ್ ಮತ್ತು ಆಟಿಕೆ ಬೇರೆ ಬೇರೆ ಕಡೆ ಇಡಿ. ಸ್ವೆಟರ್‌ಗೆ ಹುಳ ಬರದಿರಲಿ ಅಂತ ನುಸಿಗುಳಿಗೆ ಹಾಕ್ತೀವಿ ಅಲ್ವಾ, ಅದರ ಆವಿ ಕೆಲವು ಪ್ಲಾಸ್ಟಿಕ್ ಅನ್ನು ಮೆತ್ತಗೆ ಮಾಡುತ್ತೆ. ಗೊಂಬೆ ಮುಖ ಅಂಟಂಟಾಗುತ್ತೆ, ಬಣ್ಣ ಏಳುತ್ತೆ. ಗೊಂಬೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡೋದೂ ಬೇಡ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಸೆಲ್ ಹಾಕುವ ಆಟಿಕೆ ಇದ್ದರೆ ಸೆಲ್ ಇವತ್ತೇ ತೆಗೆಯಿರಿ. ಅದು ಸೋರಿದರೆ ಒಳಗಿನ ಪಟ್ಟಿ ತಿಂದುಬಿಡುತ್ತೆ.

ಚನ್ನಪಟ್ಟಣದ ಬುಗುರಿ ಹಾಲೆ ಮರದ್ದು, ಮೇಲೆ ಅರಗಿನ ಬಣ್ಣ. ಕಡೆಯುವ ಯಂತ್ರದಲ್ಲಿ ಮರದ ತುಂಡು ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ. ಆದ್ದರಿಂದ ಬಿಸಿಲಿಗೆ ಇಡಬೇಡಿ, ನೀರಲ್ಲಿ ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಹೊಳಪು ತಾನಾಗೇ ಬರುತ್ತೆ.

ತಗಡಿನ ದೋಣಿ ಇನ್ನೂ ಓಡಬಹುದು, ದಯವಿಟ್ಟು ಓಡಿಸಿ ನೋಡಿ! ಹಿಂದಿನ ಎರಡು ಕೊಳವೆಗೆ ಮೊದಲು ನೀರು ತುಂಬಿಸಿ, ತೊಟ್ಟಿಯಲ್ಲಿ ಬಿಟ್ಟು, ಒಳಗೆ ಮೇಣದ ತುಂಡು ಹಚ್ಚಿ. ಒಳಗಿನ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ತಳ್ಳುತ್ತೆ, ದೋಣಿ ಮುಂದೆ ಹೋಗುತ್ತೆ. ಆವಿ ತಣ್ಣಗಾದ ಕೂಡಲೇ ನೀರು ಮತ್ತೆ ಒಳಗೆ ಬರುತ್ತೆ. ಈ ಒತ್ತಡಕ್ಕೆ ತೆಳು ತಗಡು ಒಳಗೂ ಹೊರಗೂ ಬಡಿಯುತ್ತೆ, ಅದೇ ಆ ಪಟಪಟ ಸದ್ದು. ಆಟ ಮುಗಿದ ಮೇಲೆ ನೀರು ಪೂರ್ತಿ ಊದಿ ತೆಗೆದು ಒಣಗಿಸಿ, ಇಲ್ಲದಿದ್ದರೆ ತುಕ್ಕು.

ಪುಟ್ಟ ಮಕ್ಕಳ ಬಾಯಿಗೆ ಹಳೇ ಬಣ್ಣದ ಆಟಿಕೆ ಸಿಗದ ಹಾಗೆ ನೋಡಿಕೊಳ್ಳಿ, ಅದರಲ್ಲಿ ಸೀಸ ಇರಬಹುದು. ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದ್ದೇ 2021ರಿಂದ.

ಸೇರಿಸೋದಕ್ಕೆ ಅವಸರ ಬೇಡ. ಆಟಿಕೆ ಹುಡುಕೋಕೆ ನಮ್ಮೂರ ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು ತಪ್ಪಿಸಬೇಡಿ. ನೆಂಟರ ಅಟ್ಟದ ಮೇಲೂ ಕೇಳಿ ನೋಡಿ. ಅಲ್ಲಿ ಸಿಗೋ ಆಟಿಕೆ ಯಾರದ್ದು, ಯಾವಾಗ ಕೊಂಡಿದ್ದು ಅಂತ ಹೇಳೋರೂ ಸಿಗ್ತಾರೆ. ಅದನ್ನು ಚೀಟಿಯಲ್ಲಿ ಬರೆದು ಜೊತೆಗೇ ಇಡಿ.

ಚಳ್ಳಕೆರೆ ಕಡೆಯಿಂದ

ನಮ್ಮ ಕಡೆ ಕುರಿ ಉಣ್ಣೆಯಲ್ಲಿ ಸ್ವೆಟರ್ ಹಾಕಬಹುದಾ ಅಂತ ಯಾರಾದರೂ ಕೇಳೋ ಮುಂಚೆ ಹೇಳಿಬಿಡ್ತೀನಿ. ಈ ಉಣ್ಣೆ ಒರಟು, ಮೈಗೆ ಚುಚ್ಚುತ್ತೆ. ಕಂಬಳಿಗೆ ಇದೇ ಸರಿ. ನೇಯುವ ಮುಂಚೆ ನೂಲಿಗೆ ಹುಣಸೆ ಬೀಜದ ಗಂಜಿ ಕೊಡ್ತಾರೆ, ಅದಕ್ಕೇ ಹೊಸ ಕಂಬಳಿ ಬಿರುಸು. ಒಂದು ಚಿಕ್ಕ ಕಂಬಳಿ ತಂದು ಆಟಿಕೆ ಕಪಾಟಿನಲ್ಲಿ ಹಾಸಿದರೆ ಚೆಂದ ಅಂತ ಅಂದುಕೋಬೇಡಿ, ಹುಳ ಬರುತ್ತೆ. ಹೊದೆಯಿರಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೋಣಿ ಓಡಿತು! ಅಕ್ಕಾ, ಒಂದು ಸ್ವೆಟರ್ ಮೊಣಕೈ ಹತ್ತಿರ ಪೂರ್ತಿ ಹರಿದಿದೆ. ಏನು ಮಾಡಲಿ?

ಚಿತ್ರದುರ್ಗದಿಂದ

ತೋಳನ್ನು ಬೇರೆಯಾಗಿ ಹೆಣೆದು ಹೊಲಿದಿದ್ದಾರಾ ನೋಡು. ಹಾಗಿದ್ದರೆ ಹೊಲಿಗೆ ಬಿಚ್ಚಿ ಆ ತೋಳು ಮಾತ್ರ ಬಿಚ್ಚಿದರೆ ಸಾಕು. ಹೆಣಿಗೆ ಮುಗಿಸಿದ ತುದಿಯಿಂದ ಎಳಿ, ಶುರುಮಾಡಿದ ಕಡೆಯಿಂದ ಎಳೆದರೆ ಬಿಚ್ಚಿಕೊಳ್ಳಲ್ಲ. ಬಂದ ದಾರ ಗುಂಗುರು ಗುಂಗುರಾಗಿರುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಲ್ಲಿ ಅದ್ದಿ ನೆರಳಲ್ಲಿ ಒಣಗಿಸು. ನೇರ ಆಗುತ್ತೆ. ಹರಿದ ಜಾಗದ ದಾರ ಕಮ್ಮಿ ಬೀಳುತ್ತೆ, ಮುಂಗೈ ಪಟ್ಟಿಗೆ ಬೇರೆ ಬಣ್ಣ ಸೇರಿಸು. ತೋಳಿಗೆ ಎಷ್ಟು ಮನೆ ಇದೆ ಅಂತ ಬಿಚ್ಚುವ ಮುಂಚೆಯೇ ಎಣಿಸಿ ಬರೆದುಕೋ.