ಜನವರಿಯಲ್ಲಿ ಹ್ಯಾವ್‌ಲಾಕ್ ಡೈವಿಂಗ್: ಮಂಗಳೂರಿಂದ ಹೊರಡುವ ಮೊದಲು ಎಂತೆಲ್ಲ ನೋಡ್ಬೇಕು?

ಕೊಟ್ಟಾರ_ಚೌಕಿ

ಜನವರಿಯಲ್ಲಿ ನಾವು ನಾಲ್ವರು ಅಂಡಮಾನಿನ ಹ್ಯಾವ್‌ಲಾಕ್‌ಗೆ (ಈಗಿನ ಸ್ವರಾಜ್ ದ್ವೀಪ) ಹೊರಟಿದ್ದೇವೆ. ಇಬ್ಬರಿಗೆ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗಿನ ಮೊದಲ ಹಂತದ ತರಬೇತಿ) ಮಾಡ್ಲಿಕ್ಕುಂಟು, ಉಳಿದಿಬ್ಬರಿಗೆ ಒಂದು ದಿನದ ಡೈವ್ ಸಾಕು. ಒಟ್ಟು ಏಳು ದಿನ. ಮೊದಲು ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಸುತ್ತಾಟ, ಆಮೇಲೆ ನೀಲ್ ದ್ವೀಪ, ಕೊನೆಗೆ ಹ್ಯಾವ್‌ಲಾಕಿನಲ್ಲಿ ಡೈವಿಂಗ್. ಅದು ಮುಗಿದ ಮರುದಿನ ಬೆಳಿಗ್ಗೆ ಫೆರ್ರಿ, ಮಧ್ಯಾಹ್ನ ವಿಮಾನ. ಎಲ್ಲರಿಗೂ ಈಜು ಬರ್ತದೆ. ಒಬ್ಬರಿಗೆ ಮೈನಸ್ ಎರಡೂವರೆ ಕನ್ನಡಕ, ಒಬ್ಬರಿಗೆ ದಪ್ಪ ಮೀಸೆ, ಒಬ್ಬರಿಗೆ ಆಗಾಗ ಶೀತ. ಮಾಸ್ಕ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಇಲ್ಲಿಂದಲೇ ತಗೊಂಡು ಹೋಗ್ಬೇಕಾ? ಅದಕ್ಕೆ ಮೊದಲು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಮ್ಮೆ ಇಳಿದು ನೋಡುವುದು ಒಳ್ಳೇದಾ?

ಮಲ್ಪೆ_ದಕ್ಕೆ

ಪ್ಲಾನನ್ನು ತಿರುಗಿಸಿ ಹಾಕಿ ಮಾರಾಯ್ರೆ. ಡೈವಿಂಗ್ ಮೊದಲು, ತಿರುಗಾಟ ಕೊನೆಗೆ.

ನೀರಿನಡಿಯಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂತಿರ್ತದೆ. ವಿಮಾನದೊಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ. ಬೇಗ ಹತ್ತಿದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳ್ತದೆ: ಕೀಲುನೋವು, ಜೋಮು, ಚರ್ಮದಲ್ಲಿ ತುರಿಕೆ, ಲೆಕ್ಕಕ್ಕೆ ಸಿಗದ ಸುಸ್ತು. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಸೂಚನೆ ಪ್ರಕಾರ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. 24 ಇಟ್ಟುಕೊಂಡರೆ ತಲೆಬಿಸಿ ಇಲ್ಲ.

ಕೊನೆಯ ಡೈವ್ ಸಂಜೆ 4ಕ್ಕೆ ಮುಗಿದರೆ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ 10ಕ್ಕೆ. ಹಾಗಾಗಿ ನಿಮ್ಮ ಲೆಕ್ಕ ಕೂಡಿ ಬರ್ತದೆ, ಸಮಸ್ಯೆ ಬೇರೆ ಉಂಟು. ಕೋರ್ಸಿಗೆ ಮೂರು-ನಾಲ್ಕು ದಿನ ಬೇಕು, ನಾಲ್ಕು ಡೈವ್ ಸಮುದ್ರದಲ್ಲೇ ಆಗಬೇಕು. ಗಾಳಿ ಎದ್ದು ಬೋಟ್ ಹೋಗದೆ ಒಂದು ದಿನ ಹಾಳಾದರೆ, ಅಥವಾ ಒಬ್ಬರ ಕಿವಿ ಕಟ್ಟಿದರೆ, ಬದಲಿ ದಿನವೇ ಇಲ್ಲ. ಆಗಲೇ ಜನ ಕಟ್ಟಿದ ಕಿವಿಯಲ್ಲೂ ಹಟಕ್ಕೆ ಬಿದ್ದು ಇಳಿಯುವುದು. ವಿಮಾನ ಇಳಿದ ದಿನವೇ ಫೆರ್ರಿ ಹಿಡಿದು ಹ್ಯಾವ್‌ಲಾಕಿಗೆ ಹೋಗಿ. ನೀಲ್, ಸೆಲ್ಯುಲರ್ ಜೈಲು ಎಲ್ಲ ಕೊನೆಗಿರಲಿ. ಥಿಯರಿಯನ್ನು ಮನೆಯಲ್ಲೇ ಆನ್‌ಲೈನಿನಲ್ಲಿ ಓದಿ ಮುಗಿಸಿದರೆ ಅರ್ಧ ದಿನಕ್ಕೂ ಹೆಚ್ಚು ಉಳೀತದೆ.

ನೇತ್ರಾಣಿಗೆ ಹೋಗುವವರು ಮರೆಯುವ ಒಂದು ವಿಷಯ: ಘಾಟಿಯೂ ಎತ್ತರವೇ. ಈ ಸೂಚನೆಗಳು ಸುಮಾರು 610 ಮೀಟರಿನಿಂದ ಮೇಲಿನ ಎತ್ತರಕ್ಕೆ ಲೆಕ್ಕ. ಆಗುಂಬೆಯೇ ಸುಮಾರು 640, ಬೆಂಗಳೂರು 900 ದಾಟಿ, ಮಡಿಕೇರಿ 1,100 ದಾಟಿ. ಭಾನುವಾರ ಎರಡು ಡೈವ್ ಮಾಡಿ ಅದೇ ರಾತ್ರಿ ಬೆಂಗಳೂರು ಬಸ್ ಹತ್ತುವುದೂ ಇದೇ ಜಾತಿಯ ತಪ್ಪು. ಕರಾವಳಿಯಲ್ಲೇ ಮನೆ ಇರುವ ನಿಮಗೆ ಆ ತೊಂದರೆ ಇಲ್ಲ.

ಕಿನ್ನಿಮುಲ್ಕಿ_ಕಿವಿ

ಶೀತದವರ ಬಗ್ಗೆ. ಡೈವಿಂಗ್ ರಜೆ ಹಾಳಾಗುವುದು ಶಾರ್ಕಿನಿಂದಲ್ಲ, ಕಿವಿಯಿಂದ.

10 ಮೀಟರಿನಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು, 20ರಲ್ಲಿ ಮೂರು ಪಟ್ಟು. ಅಂದರೆ ಅತಿ ಹೆಚ್ಚು ವ್ಯತ್ಯಾಸ ಮೊದಲ 10 ಮೀಟರಿನಲ್ಲೇ. ಸಮ ಮಾಡದೆ ಇಳಿದರೆ ಒಂದು-ಒಂದೂವರೆ ಮೀಟರಿಗೇ ಕಿವಿ ನೋಯಲು ಶುರು. ಇನ್ನೂ ಇಳಿದರೆ ಗಂಟಲಿಂದ ಕಿವಿಗೆ ಹೋಗುವ ನಳಿಕೆ ಒತ್ತಿ ಮುಚ್ಚಿಬಿಡ್ತದೆ, ಮತ್ತೆ ಎಷ್ಟು ಊದಿದರೂ ತೆರೆಯುವುದಿಲ್ಲ. ಆದ್ದರಿಂದ ನೋವು ಬರುವ *ಮೊದಲೇ* ಮೂಗು ಹಿಡಿದು ಮೆಲ್ಲ ಊದಿ. ಬೋಟಿನ ಮೇಲೊಮ್ಮೆ, ತಲೆ ಮುಳುಗಿದ ಕೂಡಲೇ ಒಮ್ಮೆ, ಆಮೇಲೆ ಅರ್ಧ ಮೀಟರಿಗೊಮ್ಮೆ. ಕಾಲು ಕೆಳಗೆ, ತಲೆ ಮೇಲೆ ಇಟ್ಟು ಹಗ್ಗ ಹಿಡಿದು ಇಳಿದರೆ ಸುಲಭ. ತೆರೆಯದಿದ್ದರೆ ಒಂದು ಮೀಟರ್ ಮೇಲೆ ಬಂದು ಪುನಃ ನೋಡಿ. ಜೋರಾಗಿ ಊದಬೇಡಿ, ಒಳಕಿವಿಗೆ ಪೆಟ್ಟಾದರೆ ಅದು ರಜೆಯ ವಿಷಯ ಅಲ್ಲ, ಜೀವಮಾನದ ವಿಷಯ.

ಶೀತ ಇದ್ದಾಗ ಮೂಗಿನ ಡ್ರಾಪ್ಸ್ ಹಾಕಿ ಇಳಿಯುವ ಉಪಾಯ ಬೇಡ. ಕೆಳಗಿರುವಾಗ ಅದರ ಪ್ರಭಾವ ಇಳಿದರೆ, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ದಾರಿ ಇರುವುದಿಲ್ಲ. ಈಜುಗಾರರ ಇಯರ್‌ಪ್ಲಗ್ಗೂ ಬೇಡ. ಎಣ್ಣೆ ಸ್ನಾನದ ದಿನ ಕಿವಿಗೆ ಎಣ್ಣೆ ಬಿಡುವ ಅಭ್ಯಾಸ ಇದ್ದವರು ಮೂರು ವಾರ ಮೊದಲೇ ಇಎನ್‌ಟಿ ಡಾಕ್ಟರಲ್ಲಿ ತೋರಿಸಿ. ಗುಗ್ಗೆ ತೆಗೆಸಬೇಕಿದ್ದರೆ ಆಗಲೇ, ಹೊರಡುವ ಹಿಂದಿನ ದಿನ ಅಲ್ಲ. ಕೋರ್ಸಿನ ಆರೋಗ್ಯ ಫಾರ್ಮಿನಲ್ಲಿ ಉಬ್ಬಸ, ಹೃದಯ, ಕಿವಿ ಆಪರೇಶನ್ ಎಲ್ಲ ಕೇಳ್ತಾರೆ. ಒಂದಕ್ಕೆ ‘ಹೌದು’ ಅಂದರೂ ಡಾಕ್ಟರ ಸಹಿ ಬೇಕಾಗಬಹುದು. ಅದನ್ನೂ ಇಲ್ಲೇ ಮಾಡಿಸಿಕೊಳ್ಳಿ.

ಹಳೆಯಂಗಡಿ_ಹೊಳೆ

ಫಿನ್ ಬೇಡ, ಅಲ್ಲೇ ಕೊಡ್ತಾರೆ, ಬ್ಯಾಗ್ ಭಾರ ಮಾತ್ರ. ಮಾಸ್ಕ್ ಸ್ವಂತದ್ದಿರಲಿ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರು ಎಳೆಯಿರಿ. ಕೈಬಿಟ್ಟರೂ ಬೀಳದೆ ಅಂಟಿ ನಿಂತರೆ ಅದು ನಿಮ್ಮದು. ಮೂಗು ಹೊರಗಿರುವ ಈಜಿನ ಗಾಗಲ್ಸ್ ಆಗುವುದೇ ಇಲ್ಲ, ಒಳಗೆ ಗಾಳಿ ಊದಿ ಒತ್ತಡ ಸರಿ ಮಾಡ್ಲಿಕ್ಕೆ ದಾರಿ ಇಲ್ಲದೆ ಕಣ್ಣನ್ನೇ ಎಳೀತದೆ.

ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಸಿಲಿಕೋನ್ ಪದರ ಇರ್ತದೆ, ಎಷ್ಟು ಉಗುಳು ಹಚ್ಚಿದರೂ ಮಂಜು ಹಿಡಿಯುವುದು ಅದಕ್ಕೇ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಬೆರಳಲ್ಲಿ ತಿಕ್ಕಿ ತೊಳೆಯಿರಿ, ಎರಡು-ಮೂರು ಸಲ. ಬಣ್ಣದ ಲೇಪ ಇರುವ ಗಾಜಿಗೆ ಮಾತ್ರ ಇದು ಬೇಡ. ಆಮೇಲೆ ಪ್ರತಿ ಡೈವಿಗೆ ಒಂದು ಹನಿ ಬೇಬಿ ಶಾಂಪೂ ಸಾಕು.

ಮೀಸೆಯವರು ಮೂಗಿನ ಕೆಳಗೆ ಒಂದು ಸೆಂಟಿಮೀಟರ್ ಪಟ್ಟಿ ಬೋಳಿಸಿದರೆ ನೀರು ಒಳಗೆ ಬರುವುದು ಎಷ್ಟೋ ಕಡಿಮೆ. ಮಾಸ್ಕಿನ ಪಟ್ಟಿಯನ್ನು ಬಿಗಿ ಎಳೆದರೆ ಸೋರುವುದು ಹೆಚ್ಚೇ ಆಗ್ತದೆ. ಮೈನಸ್ ಎರಡೂವರೆಗೆ ರೆಡಿ ಪವರ್ ಗಾಜು ಹಾಕಿದ ಮಾಸ್ಕ್ ಸಿಗ್ತದೆ, ಮೊದಲೇ ಅಂಗಡಿಗೆ ಬರೆದು ಕೇಳಿ. ದಿನಕ್ಕೊಂದರಂತೆ ಬಿಸಾಡುವ ಸಾಫ್ಟ್ ಲೆನ್ಸೂ ನಡೀತದೆ, ಗಟ್ಟಿ ಲೆನ್ಸ್ ಬೇಡ.

ಕೋರ್ಸಿನ ಈಜಿನ ಪರೀಕ್ಷೆ: ನಿಲ್ಲದೆ 200 ಮೀಟರ್ ಈಜು, ಮತ್ತೆ 10 ನಿಮಿಷ ತೇಲುವುದು. ಹೊಳೆಯಲ್ಲಿ, ಬಾವಿಯಲ್ಲಿ ಕಲಿತವರಿಗೆ ತೇಲುವುದು ಸಲೀಸು, 200 ಮೀಟರಿಗೆ ದಮ್ಮು ಸಾಲುವುದಿಲ್ಲ. ಉಡುಪಿಯ ಅಜ್ಜರಕಾಡಿಗೋ ಲೇಡಿಹಿಲ್ಲಿನ ಮಂಗಳಾ ಈಜುಕೊಳಕ್ಕೋ ಒಂದು ತಿಂಗಳು ಹೋಗಿ ಬನ್ನಿ.

ಕೊಟ್ಟಾರ_ಚೌಕಿ

ಭಾರೀ ಉಪಕಾರ ಆಯ್ತು. ಪ್ಲಾನ್ ತಿರುಗಿಸಿದೆವು. ಇನ್ನೆರಡು ಪ್ರಶ್ನೆ: ಮೊಬೈಲಿಗೆ ವಾಟರ್‌ಪ್ರೂಫ್ ಪೌಚ್ ಸಾಕಾ? ಮತ್ತೆ ಬೋಟಿನಲ್ಲಿ ವಾಂತಿಯಾದರೆ?

ಮಲ್ಪೆ_ದಕ್ಕೆ

ಪೌಚ್ ದಡದಲ್ಲಿ ಆಡ್ಲಿಕ್ಕೆ ಮಾತ್ರ. 10 ಮೀಟರಿನಲ್ಲಿ ಅದರೊಳಗಿನ ಗಾಳಿ ಅರ್ಧಕ್ಕೆ ಕುಗ್ಗಿ ಸ್ಕ್ರೀನನ್ನು ಒತ್ತುತ್ತದೆ, ಟಚ್ಚೂ ಸರಿ ಕೆಲಸ ಮಾಡುವುದಿಲ್ಲ. ಫೋನಿನ ಮೇಲಿನ ಐಪಿ68 (ನೀರು ತಡೆಯುವ ಗುರುತು) ಅಂದರೆ ನಿಂತ ಸಿಹಿನೀರಿನ ಪರೀಕ್ಷೆ. ಉಪ್ಪುನೀರು ಚಾರ್ಜಿಂಗ್ ಪಿನ್ ತಿನ್ನುತ್ತದೆ. ಕೋರ್ಸಿನ ಡೈವಿಗೆ ಯಾವ ಕ್ಯಾಮೆರಾವೂ ಬೇಡ. ಕೈ ಗಾಳಿ ತುಂಬುವ ಡೈವಿಂಗ್ ಜಾಕೆಟಿನ ಗುಂಡಿ ಹುಡುಕುವ ಹೊತ್ತಿಗೆ ಕ್ಯಾಮೆರಾ ಹಿಡಿದರೆ ದೇಹ ಮೇಲೆ ಕೆಳಗೆ ಹೋಗುವುದೇ ಗೊತ್ತಾಗುವುದಿಲ್ಲ.

ವಾಂತಿಯ ಮಾತ್ರೆ ಡಾಕ್ಟರಲ್ಲಿ ಕೇಳಿ, ಊರಲ್ಲೇ ಒಂದು ದಿನ ತಿಂದು ನೋಡಿ. ನಿದ್ದೆ ಬರಿಸುವ ಮಾತ್ರೆ ತಿಂದು ನೀರಿಗಿಳಿಯುವ ಹಾಗಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯದ್ದೂ ಬೇಡ, ಎರಡು ಇಡ್ಲಿ ಸಾಕು. ಡೀಸೆಲ್ ಹೊಗೆ ಬಾರದ ಜಾಗದಲ್ಲಿ ಬೋಟಿನ ನಡುವೆ ಕೂತು ದೂರದ ಗೆರೆ ನೋಡಿ.

ಬೈಂದೂರು_ಬರತ

ನೇತ್ರಾಣಿಯ ಪ್ರಶ್ನೆ ಹಾಗೇ ಉಳಿಯಿತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಉಡುಪಿಯಿಂದ ಹೋಗಿ ಬರ್ಲಿಕ್ಕೆ ಸುಲಭ. ಒಂದು ದಿನದ ಡೈವ್ ಸಾಕು ಅನ್ನುವ ಇಬ್ಬರು ಡಿಸೆಂಬರಿನಲ್ಲಿ ಇಲ್ಲೇ ಇಳಿದು ನೋಡಲಿ, ಕಿವಿ ಒಪ್ತದಾ ಇಲ್ವಾ ಗೊತ್ತಾಗ್ತದೆ. ಕೋರ್ಸಿನವರು ನೇರ ಹ್ಯಾವ್‌ಲಾಕಿಗೇ ಹೋಗಲಿ. ನೆಮೋ ರೀಫಿನಂಥ ಆಳವಿಲ್ಲದ ಜಾಗದಲ್ಲಿ ಕಲಿಯುವುದು ಬೇರೆಯೇ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ನಂಥ ಆಳದ ಜಾಗ ಎಂದು ಆಸೆ ಹುಟ್ಟಿಸಿದರೂ ಓಪನ್ ವಾಟರಿನ ಮಿತಿ 18 ಮೀಟರ್, ನೆನಪಿರಲಿ.

ತಾರೀಕು ಇನ್ನೂ ನಿಗದಿ ಆಗದಿದ್ದರೆ ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರಿನ ಸೆಳೆತ ಜೋರು. ಅಷ್ಟಮಿಯ ನಂತರದ ಒಂದೆರಡು ದಿನ ಉಬ್ಬರ-ಇಳಿತ ಸಣ್ಣದು. ನಮ್ಮ ಬಲೆಯವರ ಲೆಕ್ಕ ಅಲ್ಲಿಗೂ ಹೊಂದುತ್ತದೆ.

ಮುಳುಗಲಿಕ್ಕೆ ಕಟ್ಟುವ ಸೀಸದ ತೂಕವನ್ನು ಇನ್‌ಸ್ಟ್ರಕ್ಟರ್ ಹೆಚ್ಚೇ ಕಟ್ಟಿದ ಹಾಗೆ ಕಂಡರೆ ಪರೀಕ್ಷೆ ಮಾಡಿಸಿ. ನೀರಿನ ಮೇಲೆ ತೇಲುವಾಗಲೇ ಜಾಕೆಟಿನ ಗಾಳಿ ಪೂರ್ತಿ ಬಿಟ್ಟು ಸಾಮಾನ್ಯ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಸಿಲಿಂಡರ್ ತುಂಬಿದ್ದರೆ ಅದರ ಮೇಲೆ ಎರಡು ಕಿಲೋ ಸೇರಿಸಿ, ಯಾಕೆಂದರೆ ಗಾಳಿ ಖಾಲಿಯಾದ ಹಾಗೆ ಅಲ್ಯೂಮಿನಿಯಂ ಸಿಲಿಂಡರ್ ಹಗುರಾಗಿ ಮೇಲೆ ಎಳೀತದೆ. ತೂಕ ಹೆಚ್ಚಾದರೆ ಕಾಲು ಬಡಿದು ಬಡಿದು ಸಿಲಿಂಡರಿನ 200 ಬಾರ್ (ಒತ್ತಡದ ಅಳತೆ) ಗಾಳಿ ಬೇಗ ಮುಗೀತದೆ. 100ಕ್ಕೆ ಬಂದಾಗ ಕೈಸನ್ನೆ ಮಾಡಿ ಹೇಳಿ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು, 50 ಉಳಿದಿರುವಾಗ ಮೇಲಿರಬೇಕು. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು, ನೀರಿನಡಿಯಲ್ಲಿ ಉಸಿರು ಎಂದಿಗೂ ಹಿಡಿಯಬಾರದು.

ಮತ್ತೊಂದು, ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಬ್ಯಾಗಿಗೆ ಹಾಕಬೇಡಿ. ಹವಳ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದಲ್ಲುಂಟು, ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದ ಸ್ಕ್ಯಾನಿನಲ್ಲಿ ಸಿಕ್ಕಿಬೀಳ್ತದೆ.